ನೋವು ಹೋದ ಮೇಲೆ: ನಡುವಿನ ಬಲ, ಬೆನ್ನಿನ ಸ್ಥಿರತೆ ಮತ್ತು ಮನೆಯ ವ್ಯಾಯಾಮ



ಈ ವರ್ಷದ ಉಪನ್ಯಾಸಕ್ಕೆ ಒಬ್ಬ ಫಿಸಿಯೋಥೆರಪಿಸ್ಟನ್ನು ಕರೆದದ್ದಕ್ಕೆ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ. ಹೃದಯ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇವೆಲ್ಲ ಇರುವಾಗ ಸೊಂಟನೋವಿನ ಮೇಲೆ ಒಂದು ಗಂಟೆ ಮಾತಾಡುವಂಥದ್ದು ಏನಿದೆ ಎಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಸೊಂಟನೋವು ಪ್ರಾಣ ತೆಗೆಯುವುದಿಲ್ಲ ನಿಜ. ಆದರೆ ಮನುಷ್ಯರನ್ನು ಕೆಲಸ ಬಿಡಿಸಿ ಮೂಲೆಗೆ ಕೂರಿಸುವ ತೊಂದರೆಗಳ ಪೈಕಿ ಇಡೀ ಜಗತ್ತಿನಲ್ಲಿ ಮೊದಲ ಸ್ಥಾನ ಇದರದೇ. 2020ರಲ್ಲಿ ಸುಮಾರು 61.9 ಕೋಟಿ ಜನ ಇದರಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿ ಮುಟ್ಟಬಹುದೆಂಬ ಅಂದಾಜಿದೆ.

ಇವತ್ತಿನ ಮಾತಿನ ವ್ಯಾಪ್ತಿಯನ್ನು ಹೇಳಿಬಿಡುತ್ತೇನೆ. ಔಷಧ, ಇಂಜೆಕ್ಷನ್, ಶಸ್ತ್ರಚಿಕಿತ್ಸೆ ನನ್ನ ವಿಷಯವಲ್ಲ. ಬೆನ್ನುಮೂಳೆ ಹೇಗೆ ನೆಟ್ಟಗೆ ನಿಂತಿದೆ ಎಂಬುದರಿಂದ ಆರಂಭಿಸಿ, ಒಂದು ಸಲ ಸೊಂಟ ಹಿಡಿದುಕೊಂಡು ಬಿಟ್ಟ ಮೇಲೆ ಒಳಗಿನ ಸ್ನಾಯುಗಳಿಗೆ ಏನಾಗಿರುತ್ತದೆ ಎಂಬುದನ್ನು ಹೇಳುತ್ತೇನೆ. ನಂತರ ನಮ್ಮ ನಾಡಿನ ವ್ಯಾಯಾಮ ಪರಂಪರೆಯತ್ತ ಒಂದು ನೋಟ. ಕೊನೆಗೆ ಮನೆಯಲ್ಲಿ, ಚಾಪೆಯ ಮೇಲೆ ಮಾಡಬೇಕಾದದ್ದು. ಈ ಕೊನೆಯ ಭಾಗಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ನನ್ನ ವಾದವನ್ನೂ ಈಗಲೇ ಮುಂದಿಡುತ್ತೇನೆ. ನೋವು ಇರುವಷ್ಟು ದಿನ, ಹೇಳಿಕೊಟ್ಟ ವ್ಯಾಯಾಮವನ್ನು ನಾವು ಭಯದಿಂದ ಮಾಡುತ್ತೇವೆ. ನೋವು ಹೋದ ಕೂಡಲೇ ಚಾಪೆ ಸುತ್ತಿ ಇಡುತ್ತೇವೆ. ಬೆನ್ನಿನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ.

ಮೊದಲನೆಯ ಸಂಗತಿಗೆ ಬರೋಣ. ಬೆನ್ನುಮೂಳೆಯಲ್ಲಿ ಕುತ್ತಿಗೆಯ 7, ಎದೆಯ 12, ಸೊಂಟದ 5 ಸೇರಿ 24 ಬಿಡಿ ಮೂಳೆಗಳಿವೆ. ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಮೂಳೆ. ಬಿಡಿ ಮೂಳೆಗಳ ನಡುವೆ ಡಿಸ್ಕುಗಳು. ಡಿಸ್ಕಿನ ನಡುವಿನಲ್ಲಿ ಲೋಳೆಯಂಥ ತಿರುಳು, ಸುತ್ತ ನಾರಿನ ಉಂಗುರ. ದೊಡ್ಡವರಲ್ಲಿ ಡಿಸ್ಕಿನ ಒಳಗೆ ರಕ್ತನಾಳಗಳು ಇರುವುದಿಲ್ಲ. ನಡೆದಾಡಿದಾಗ, ಕೂತು ಎದ್ದಾಗ ಆಗುವ ಒತ್ತಡದ ಏರಿಳಿತದಲ್ಲಿ ಅಕ್ಕಪಕ್ಕದ ಮೂಳೆಯಿಂದ ಒಸರುವ ದ್ರವವೇ ಅದಕ್ಕೆ ಆಹಾರ. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಮಲಗಬೇಕೆಂಬ ಹಳೆಯ ಸಲಹೆಯನ್ನು ವೈದ್ಯಕೀಯ ಈಗ ಕೈಬಿಟ್ಟಿರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಈ ಮೂಳೆಗಳ ಸಾಲು ತನ್ನಷ್ಟಕ್ಕೆ ತಾನು ಎಷ್ಟು ಭಾರ ಹೊರಬಲ್ಲದು? ಸ್ನಾಯುಗಳನ್ನೆಲ್ಲ ಬಿಡಿಸಿ, ಮೂಳೆ, ಡಿಸ್ಕು ಮತ್ತು ಅಸ್ಥಿರಜ್ಜುಗಳನ್ನು ಮಾತ್ರ ಉಳಿಸಿಕೊಂಡು ಪ್ರಯೋಗಶಾಲೆಯಲ್ಲಿ ಅಳೆದಿದ್ದಾರೆ. ಸೊಂಟದ ಭಾಗದ ಬೆನ್ನುಮೂಳೆ ಸುಮಾರು 90 ನ್ಯೂಟನ್, ಎಂದರೆ ಒಂಬತ್ತು ಕಿಲೋ ಭಾರಕ್ಕೇ ಒಂದು ಪಕ್ಕಕ್ಕೆ ಬಾಗಿ ಕುಸಿಯಿತು. ನಮ್ಮ ತಲೆ, ಎದೆ, ತೋಳುಗಳ ಭಾರವೇ ಅದರ ಹಲವು ಪಟ್ಟು. ತುಂಬಿದ ಅಡುಗೆ ಅನಿಲದ ಸಿಲಿಂಡರ್ ಎತ್ತಿದರೆ ಇನ್ನೂ ಮೂವತ್ತು ಕಿಲೋ ಸೇರುತ್ತದೆ. ಹಾಗಾದರೆ ನಾವು ಕುಸಿದು ಬೀಳದೆ ನಿಂತಿರುವುದು ಹೇಗೆ? ಜಾತ್ರೆಗೆ ಬರುವ ನಾಟಕ ಕಂಪನಿಯವರು ಡೇರೆಯ ನಡುಗಂಬ ನಿಲ್ಲಿಸುವುದನ್ನು ನೋಡಿದವರಿಗೆ ಉತ್ತರ ಗೊತ್ತು. ನಾಲ್ಕೂ ಕಡೆಯ ಹಗ್ಗಗಳ ಬಿಗಿ ಸಮನಾಗಿದ್ದರೆ ಕಂಬ ನಿಲ್ಲುತ್ತದೆ. ಒಂದು ಹಗ್ಗ ಸಡಿಲವಾದರೆ ಕಂಬ ಎಷ್ಟೇ ಗಟ್ಟಿಯಿದ್ದರೂ ವಾಲುತ್ತದೆ.

ಬೆನ್ನಿಗೆ ಆ ಹಗ್ಗಗಳೆಂದರೆ ನಡುವಿನ ಸ್ನಾಯುಗಳು. ಜಿಮ್ಮಿನವರು ಕೋರ್ ಎನ್ನುವುದು ಇವನ್ನೇ. ಮುಂದೆ ಹೊಟ್ಟೆಯ ನೇರ ಸ್ನಾಯು, ಪಕ್ಕಗಳಲ್ಲಿ ಓರೆ ಸ್ನಾಯುಗಳು, ಅವುಗಳ ಒಳಗೆ ಸೊಂಟಪಟ್ಟಿಯ ಹಾಗೆ ಸುತ್ತಿಕೊಂಡ ಅಡ್ಡ ಸ್ನಾಯು. ಹಿಂದೆ ಮೂಳೆಯಿಂದ ಮೂಳೆಗೆ ಹೆಣೆದುಕೊಂಡ ಮಲ್ಟಿಫಿಡಸ್ ಮತ್ತು ಬೆನ್ನಿನ ಉದ್ದಕ್ಕೂ ಹಾಯ್ದ ದೊಡ್ಡ ಸ್ನಾಯುಗಳು. ಮೇಲೆ ವಪೆ, ತಳದಲ್ಲಿ ಕಿಬ್ಬೊಟ್ಟೆಯ ನೆಲದ ಸ್ನಾಯುಗಳು. ಪೃಷ್ಠದ ಸ್ನಾಯುಗಳನ್ನೂ ನಾನು ಈ ಗುಂಪಿಗೇ ಸೇರಿಸುತ್ತೇನೆ. ಯೇಲ್ ವಿಶ್ವವಿದ್ಯಾಲಯದ ಮನೋಹರ ಪಂಜಾಬಿ ಅವರು 1992ರಲ್ಲಿ ಬೆನ್ನಿನ ಸ್ಥಿರತೆಗೆ ಮೂರು ವ್ಯವಸ್ಥೆಗಳು ಕೂಡಿ ದುಡಿಯುತ್ತವೆ ಎಂದು ವಿವರಿಸಿದರು. ಮೂಳೆ ಮತ್ತು ಅಸ್ಥಿರಜ್ಜುಗಳದು ಒಂದು, ಸ್ನಾಯುಗಳದು ಇನ್ನೊಂದು, ಯಾವ ಸ್ನಾಯು ಯಾವಾಗ ಎಷ್ಟು ಬಿಗಿಯಬೇಕೆಂದು ಆಜ್ಞೆ ಕೊಡುವ ನರಮಂಡಲದ್ದು ಮೂರನೆಯದು. ಒಂದು ಸೋತರೆ ಉಳಿದೆರಡು ಸ್ವಲ್ಪ ಮಟ್ಟಿಗೆ ಹೊಣೆ ಹೊರುತ್ತವೆ. ಎಕ್ಸ್‌ರೇ, ಎಂಆರ್‌ಐಗಳಲ್ಲಿ ಕಾಣುವುದು ಮುಖ್ಯವಾಗಿ ಮೊದಲನೆಯದು. ಮನೆಯ ವ್ಯಾಯಾಮ ಮುಟ್ಟುವುದು ಇನ್ನೆರಡನ್ನು.

ಎಂಆರ್‌ಐ ಎಂದೊಡನೆ ಒಂದು ಉಪಮಾತು. ವರದಿಯ ಲಕೋಟೆಯನ್ನು ಎದೆಗೆ ಅವಚಿಕೊಂಡು, "ನನ್ನ ಡಿಸ್ಕ್ ಸವೆದಿದೆಯಂತೆ, ಇನ್ನು ಬಗ್ಗಲೇಬಾರದಂತೆ" ಎಂದು ಕಣ್ಣೀರು ಹಾಕುತ್ತ ಬರುವವರನ್ನು ನಾನು ಆಗಾಗ ಕಾಣುತ್ತೇನೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಡಿಸ್ಕಿನ ಸವೆತ ಇಪ್ಪತ್ತರ ಹರೆಯದವರಲ್ಲೇ ಶೇ. 37ರಷ್ಟು ಮಂದಿಗೆ ಇತ್ತು, ಐವತ್ತರವರಲ್ಲಿ ಶೇ. 80, ಎಂಬತ್ತರವರಲ್ಲಿ ಶೇ. 96. ಇವರಾರಿಗೂ ನೋವಿರಲಿಲ್ಲ. ಕೂದಲು ನೆರೆತದ್ದಕ್ಕೆ ಯಾರೂ ವರದಿ ಮಾಡಿಸಿ ಅಳುವುದಿಲ್ಲವಷ್ಟೆ.

ಇನ್ನು ಎರಡನೆಯ ಸಂಗತಿ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ನಿಂತವರಿಗೆ ತೋಳನ್ನು ಥಟ್ಟನೆ ಎತ್ತಲು ಹೇಳಿ, ಯಾವ ಸ್ನಾಯು ಯಾವಾಗ ಎಚ್ಚರಗೊಳ್ಳುತ್ತದೆ ಎಂದು ವಿದ್ಯುತ್ ತಂತಿಗಳಿಂದ ಅಳೆದರು. ಆರೋಗ್ಯವಂತರಲ್ಲಿ ತೋಳು ಅಲುಗುವ ಮುಂಚೆಯೇ ಹೊಟ್ಟೆಯ ಒಳಗಿನ ಅಡ್ಡ ಸ್ನಾಯು ಬಿಗಿದುಕೊಂಡಿತ್ತು. ಪದೇಪದೇ ಸೊಂಟನೋವು ಬರುತ್ತಿದ್ದವರಲ್ಲಿ ಅದು ತಡವಾಗಿತ್ತು. ಅವರದೇ ಸಂಸ್ಥೆಯ ಜೂಲಿ ಹೈಡ್ಸ್ ಮತ್ತು ಸಂಗಡಿಗರು ಮೊದಲ ಬಾರಿಗೆ ಸೊಂಟ ಹಿಡಿದುಕೊಂಡವರ ಮಲ್ಟಿಫಿಡಸ್ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರು. ನೋವಿದ್ದ ಕಡೆ ಅದು ಬಡವಾಗಿತ್ತು. ಕೆಲವೇ ವಾರಗಳಲ್ಲಿ ನೋವು ಹೋಗಿ ಜನ ಕೆಲಸಕ್ಕೆ ಮರಳಿದರು, ಆದರೆ ಸ್ನಾಯು ತಾನಾಗಿ ಮೊದಲಿನಂತಾಗಲಿಲ್ಲ. ಆ ಸ್ನಾಯುವಿಗಾಗಿಯೇ ವ್ಯಾಯಾಮ ಮಾಡಿದವರಲ್ಲಿ ಮಾತ್ರ ಅದು ಮತ್ತೆ ತುಂಬಿಕೊಂಡಿತು. ಮುಂದಿನ ಒಂದು ವರ್ಷದಲ್ಲಿ ವ್ಯಾಯಾಮ ಮಾಡದ ಗುಂಪಿನ ಶೇ. 84ರಷ್ಟು ಜನರಿಗೆ ನೋವು ಮರುಕಳಿಸಿತು, ಮಾಡಿದ ಗುಂಪಿನಲ್ಲಿ ಶೇ. 30ರಷ್ಟು ಜನರಿಗೆ. ಸುಮಾರು ನಲವತ್ತು ಜನರ ಚಿಕ್ಕ ಅಧ್ಯಯನವಿದು, ಇದೊಂದರ ಮೇಲೆಯೇ ಕೋಟೆ ಕಟ್ಟಬಾರದು. ಆದರೂ ನೋವು ಹೋಯಿತೆಂದರೆ ಬೆನ್ನು ಗುಣವಾಯಿತೆಂದಲ್ಲ ಎಂಬ ಅದರ ಸುಳಿವನ್ನು ನನ್ನ ಕೊಠಡಿಯಲ್ಲಿ ಕಂಡದ್ದು ಎಂದೂ ಸುಳ್ಳು ಮಾಡಿಲ್ಲ.

ಶಕ್ತಿಗಿಂತ ತಾಳಿಕೆ ಮುಖ್ಯ ಎಂಬುದನ್ನೂ ಇಲ್ಲೇ ಹೇಳಬೇಕು. ಡೆನ್ಮಾರ್ಕಿನ ಬೀರಿಂಗ್ ಸೊರೆನ್‌ಸೆನ್ ಅವರ 1984ರ ಅಧ್ಯಯನ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಪರಿಚಿತ. ಬೋರಲು ಮಲಗಿಸಿ, ಸೊಂಟದಿಂದ ಮೇಲಿನ ದೇಹವನ್ನು ಮೇಜಿನಾಚೆ ಗಾಳಿಯಲ್ಲಿ ನೇರವಾಗಿ ಹಿಡಿಯಲು ಹೇಳಿ, ಹೆಚ್ಚೆಂದರೆ 240 ಸೆಕೆಂಡುಗಳವರೆಗೆ ಗಡಿಯಾರ ನೋಡುತ್ತಿದ್ದರು. ಹೆಚ್ಚು ಹೊತ್ತು ಹಿಡಿಯಬಲ್ಲ ಗಂಡಸರಿಗೆ ಮುಂದಿನ ವರ್ಷ ಮೊದಲ ಸಲದ ಬೆನ್ನುನೋವು ಬರುವ ಸಂಭವ ಕಡಿಮೆಯಿತ್ತು. ದಿನವಿಡೀ ಬಸ್ಸಿನ ಸ್ಟೀರಿಂಗ್ ಹಿಂದೆ ಕೂರುವ ಚಾಲಕನಿಗೆ, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಬಾಗುವ ಹೆಣ್ಣುಮಗಳಿಗೆ, ಕೆಸರುಗದ್ದೆಯಲ್ಲಿ ನಾಟಿ ಮಾಡುವವರಿಗೆ ಬೇಕಾದದ್ದು ಒಮ್ಮೆ ನೂರು ಕಿಲೋ ಎತ್ತುವ ಕಸುವಲ್ಲ. ಸಂಜೆ ಐದಕ್ಕೂ ಬೆಳಿಗ್ಗೆ ಒಂಬತ್ತರ ಹಾಗೆಯೇ ಬೆನ್ನನ್ನು ಹಿಡಿದಿಡುವ ಸ್ನಾಯು.

ಹೆಣ್ಣುಮಕ್ಕಳ ಒಂದು ನಂಬಿಕೆಯನ್ನು ಪ್ರಸ್ತಾಪಿಸದೆ ಮುಂದೆ ಹೋದರೆ ತಪ್ಪಾಗುತ್ತದೆ. "ಸಿಸೇರಿಯನ್ ಮಾಡುವಾಗ ಬೆನ್ನಿಗೆ ಸೂಜಿ ಹಾಕಿದರು, ಅಲ್ಲಿಂದ ಶುರುವಾಯ್ತು ನೋಡಿ ಸರ್" ಎಂಬ ಮಾತನ್ನು ಕೇಳದ ವಾರವಿಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಅದು ಕಾರಣವೆಂಬುದಕ್ಕೆ ಅಧ್ಯಯನಗಳ ಬೆಂಬಲವಿಲ್ಲ. ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆಯ ಸ್ನಾಯುಗಳಿಗೆ ಹೆರಿಗೆಯ ನಂತರ ಯಾರೂ ಕೆಲಸ ಕೊಡಲಿಲ್ಲ, ಮಗುವನ್ನು ಎತ್ತಿ ಇಳಿಸುವ, ಬಾಗಿ ಹಾಲೂಡಿಸುವ ಕೆಲಸ ಮಾತ್ರ ಹತ್ತು ಪಟ್ಟಾಯಿತು. ಬಾಣಂತಿಗೆ ಹೊಟ್ಟೆ ಕಟ್ಟುವ ಪದ್ಧತಿ ನಮ್ಮಲ್ಲಿದೆ. ಬಟ್ಟೆ ಹೊರಗಿನಿಂದ ಆಸರೆ ಕೊಟ್ಟೀತು, ಒಳಗಿನ ಸ್ನಾಯುವನ್ನು ಕಟ್ಟುವುದಿಲ್ಲ. ಔಷಧದ ಅಂಗಡಿಯಿಂದ ತಂದು ವರ್ಷವಿಡೀ ಬಿಗಿದುಕೊಳ್ಳುವ ಬೆಲ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಸೂಲಗಿತ್ತಿಯೋ ಅತ್ತೆಯೋ ಕಟ್ಟಿದ ಬಟ್ಟೆ ಬಿಚ್ಚುವ ಹೊತ್ತಿಗೆ, ವೈದ್ಯರನ್ನು ಕೇಳಿ, ವ್ಯಾಯಾಮ ಆರಂಭವಾಗಿರಬೇಕು.

ಮೂರನೆಯದಾಗಿ ನಮ್ಮ ಪರಂಪರೆ. ಇದನ್ನು ಚುಟುಕಾಗಿ ಹೇಳುತ್ತೇನೆ. ಊರೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿದವರು ನಡು ಗಟ್ಟಿ ಮಾಡಿಕೊಳ್ಳುವುದನ್ನು ಯಾವ ವಿದೇಶಿ ಪುಸ್ತಕದಿಂದಲೂ ಕಲಿಯಲಿಲ್ಲ. ಭಾರವಾದ ಗದೆ ತಲೆಯ ಹಿಂದೆ ಒಂದೇ ಪಕ್ಕದಲ್ಲಿ ಸುತ್ತುವಾಗ ಮುಂಡ ತಿರುಚದಂತೆ ತಡೆಯುವುದೇ ಅದರ ಮರ್ಮ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ ಬಂದದ್ದು ಕನ್ನಡದಲ್ಲಿ. ಆದರೆ ಇವತ್ತಿನ ವಿಷಯಕ್ಕೆ ಹೆಚ್ಚು ಹತ್ತಿರದವರು ಕೆ. ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಅವರನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗಳು, ಬೆಂಗಳೂರಿನ ಅವರ ವ್ಯಾಯಾಮಶಾಲೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಅವರು ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದರು. ಪಾಠಗಳನ್ನು ಲಕೋಟೆಯಲ್ಲಿ ಹಾಕಿ ದೂರದ ಊರುಗಳಿಗೆ ಕಳಿಸುತ್ತಿದ್ದರು, ತರಿಸಿಕೊಂಡವರು ಮನೆಯಲ್ಲೇ ಮಾಡಬೇಕು. ಶಾಲೆಗೆ ಬರಲಾಗದವನಿಗೂ ವ್ಯಾಯಾಮ ಸಲ್ಲಬೇಕೆಂಬ ಆ ಯೋಚನೆ ನನಗೆ ಅವರ ಕಟ್ಟುಮಸ್ತಾದ ಛಾಯಾಚಿತ್ರಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಗರಡಿಮನೆಯ ಬಾಗಿಲು ಹೆಂಗಸರಿಗೆ ಮುಚ್ಚಿತ್ತು ಎಂಬುದನ್ನು ನೆನೆದಾಗಲಂತೂ ಮನೆಯ ಚಾಪೆಯೇ ಹೆಚ್ಚು ಉದಾರವಾದ ಜಾಗ ಅನ್ನಿಸುತ್ತದೆ.

ಈಗ ಆ ಚಾಪೆಗೇ ಬರೋಣ. ಮೆತ್ತನೆಯ ಹಾಸಿಗೆ ಬೇಡ. ನೆಲದ ಮೇಲೆ ಚಾಪೆ, ಅದರ ಮೇಲೆ ಒಂದು ಜಮಖಾನ ಸಾಕು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನಿನ ಮೇಲೆ ಬೀಳುವ ಹೊರೆಯನ್ನು ದಶಕಗಳ ಕಾಲ ಅಳೆದ ಸ್ಟುವರ್ಟ್ ಮೆಗಿಲ್ ಅವರು, ಬೆನ್ನಿಗೆ ಕಡಿಮೆ ಹೊರೆ ಹಾಕಿ ಸ್ನಾಯುವಿಗೆ ಹೆಚ್ಚು ಕೆಲಸ ಕೊಡುವ ಮೂರು ವ್ಯಾಯಾಮಗಳನ್ನು ಆರಿಸಿದ್ದಾರೆ. ನಾನು ಕಲಿಸುವುದೂ ಬಹುಮಟ್ಟಿಗೆ ಅವನ್ನೇ.

ಮೊದಲನೆಯದು ಹೊಟ್ಟೆಗೆ. ಅಂಗಾತ ಮಲಗಿ ಒಂದು ಮಂಡಿ ಮಡಿಸಿ, ಇನ್ನೊಂದು ಕಾಲು ಚಾಚಿ. ಎರಡೂ ಅಂಗೈಗಳನ್ನು ಸೊಂಟದ ಬಾಗಿನ ಅಡಿಗೆ ತೂರಿಸಿ, ಆ ಬಾಗು ನೆಲಕ್ಕೆ ಚಪ್ಪಟೆಯಾಗಬಾರದು. ಈಗ ತಲೆ ಮತ್ತು ಭುಜಗಳನ್ನು ನೆಲದಿಂದ ತುಸುವೇ ಎತ್ತಿ ಎಂಟು ಹತ್ತು ಸೆಕೆಂಡು ಹಿಡಿಯಿರಿ. ಗದ್ದ ಎದೆಗೆ ತಾಗಬಾರದು, ಉಸಿರು ನಿಲ್ಲಬಾರದು. ನೋಡಿದವರು "ಇಷ್ಟೇನಾ?" ಅನ್ನುತ್ತಾರೆ. ಶಾಲೆಯ ಪಿ.ಟಿ. ಅವಧಿಯಲ್ಲಿ ನಾವೆಲ್ಲ ಕಾಲು ಹಿಡಿಸಿಕೊಂಡು ಪೂರ್ತಿ ಎದ್ದು ಕೂರುತ್ತಿದ್ದ ವ್ಯಾಯಾಮದಲ್ಲಿ ಸೊಂಟದ ಡಿಸ್ಕಿನ ಮೇಲೆ ಬೀಳುವ ಒತ್ತಡ ಸುಮಾರು 3,300 ನ್ಯೂಟನ್ ಎಂದು ಅಳೆದಿದ್ದಾರೆ. ಮುನ್ನೂರು ಕಿಲೋಗೂ ಮೀರಿದ ಹೊರೆ ಅದು. ನೋವಿನ ಇತಿಹಾಸ ಇರುವವರು ಅದನ್ನು ಮಾಡಲೇಬೇಕಾದ ಅಗತ್ಯವಿಲ್ಲ.

ಎರಡನೆಯದು ಪಕ್ಕದ ಸ್ನಾಯುಗಳಿಗೆ. ಒಂದು ಮಗ್ಗುಲಿಗೆ ಮಲಗಿ, ಮೊಣಕೈಯನ್ನು ಭುಜದ ನೇರ ಕೆಳಗೆ ಊರಿ, ಮಂಡಿಗಳನ್ನು ಮಡಿಸಿ, ಸೊಂಟವನ್ನು ನೆಲದಿಂದ ಎತ್ತಿ. ತಲೆಯಿಂದ ಮಂಡಿಯವರೆಗೆ ದೇಹ ಒಂದೇ ಗೆರೆಯಲ್ಲಿರಲಿ. ರೂಢಿಯಾದ ಮೇಲೆ ಕಾಲು ಚಾಚಿ ಪಾದದ ಮೇಲೆ ನಿಲ್ಲಬಹುದು. ವಸಿಷ್ಠಾಸನ ಬಲ್ಲವರಿಗೆ ಇದು ಅದರ ತಮ್ಮನಂತೆ ಕಾಣುತ್ತದೆ. ಎಡ ಬಲಗಳಲ್ಲಿ ಹಿಡಿಯುವ ಹೊತ್ತು ಬಹಳ ಬೇರೆಯಾಗಿದ್ದರೆ ದುರ್ಬಲ ಕಡೆಗೆ ಒಂದು ಸಲ ಹೆಚ್ಚು ಮಾಡಿ.

ಮೂರನೆಯದರ ಬಳಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಎಲ್ಲರೂ ಸುಲಭವೆಂದುಕೊಂಡು ಕೆಡಿಸುವುದು ಇದನ್ನೇ. ಅಂಗೈ ಮತ್ತು ಮಂಡಿಗಳ ಮೇಲೆ ನಾಲ್ಕು ಕಾಲಿನ ಪ್ರಾಣಿಯ ಹಾಗೆ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಬೇಕು. ಕಾಲು ಎತ್ತರಕ್ಕೆ ಹೋದಷ್ಟೂ ಒಳ್ಳೆಯದೆಂದು ಜನ ಒದೆಯುತ್ತಾರೆ. ಆಗ ಸೊಂಟ ಕೆಳಕ್ಕೆ ಜೋತು ಒಂದು ಪಕ್ಕಕ್ಕೆ ತಿರುಗುತ್ತದೆ. ಹೊಲಿಗೆ ಕೆಲಸದ ಒಬ್ಬ ತಾಯಿಗೆ ಎಷ್ಟು ಹೇಳಿದರೂ ಈ ತಿರುಗುವುದು ತಪ್ಪುತ್ತಿರಲಿಲ್ಲ. ಒಂದು ಸ್ಟೀಲ್ ಲೋಟಕ್ಕೆ ಅರ್ಧ ನೀರು ಹಾಕಿ ಅವರ ಸೊಂಟದ ಮೇಲೆ ಇಟ್ಟೆ. ಮೊದಲ ಸಲ ನೀರೆಲ್ಲ ಸೀರೆಗೆ, ಜೊತೆಗೆ ಬಂದಿದ್ದ ಮಗಳಿಗೆ ನಗು. ಎರಡನೆಯ ಸಲ ಅವರು ಕಾಲು ಎತ್ತಲೇ ಇಲ್ಲ, ಬೆರಳ ತುದಿಯನ್ನು ನೆಲದ ಮೇಲೆ ಜಾರಿಸುತ್ತ ಹಿಂದಕ್ಕೆ ಒಯ್ದರು. ಹೊಟ್ಟೆ ತಾನೇ ಬಿಗಿಯಿತು, ಬೆನ್ನು ಮೇಜಿನಂತೆ ನಿಂತಿತು. ಮೂರನೆಯ ವ್ಯವಸ್ಥೆಯೆಂದು ನಾನು ಆಗ ಹೇಳಿದ ನರಮಂಡಲಕ್ಕೆ ಪಾಠವೆಂದರೆ ಇದೇ. ಆ ಲೋಟವನ್ನು ಇವತ್ತು ರಾತ್ರಿ ನಿಮ್ಮ ಮನೆಯಲ್ಲೂ ಇಟ್ಟು ನೋಡಬಹುದು.

ಪ್ರಮಾಣದ ಬಗ್ಗೆ. ಒಂದೊಂದನ್ನೂ ಎಂಟರಿಂದ ಹತ್ತು ಸೆಕೆಂಡು ಹಿಡಿದು ಬಿಡಿ. ಮೊದಲ ಸುತ್ತಿನಲ್ಲಿ ಐದು ಸಲ, ಸ್ವಲ್ಪ ವಿಶ್ರಾಂತಿ, ಆಮೇಲೆ ಮೂರು, ಕೊನೆಗೆ ಒಂದು. ದಣಿದಂತೆ ಎಣಿಕೆ ಇಳಿಯುವುದರಿಂದ ಭಂಗಿ ಕೆಡುವುದಿಲ್ಲ. ಎಲ್ಲ ಸೇರಿ ಹದಿನೈದು ನಿಮಿಷದ ಕೆಲಸ. ವಾರಕ್ಕೊಮ್ಮೆ ಭಾನುವಾರ ಒಂದೂವರೆ ಗಂಟೆ ಬೆವರು ಸುರಿಸುವುದಕ್ಕಿಂತ ದಿನವೂ ಈ ಹದಿನೈದು ನಿಮಿಷ ಮೇಲು. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಿ ಎಂದು ಕೆಲವು ಕಡೆ ಹೇಳಿಕೊಡುತ್ತಾರೆ. ಯಾರಾದರೂ ಹೊಟ್ಟೆಗೆ ಮೆಲ್ಲಗೆ ಗುದ್ದಲು ಬಂದರೆ ಹೇಗೆ ಸುತ್ತಲೂ ಬಿಗಿಯುತ್ತೀರೋ ಹಾಗೆ, ಹಗುರವಾಗಿ ಬಿಗಿಯುವುದು ನನ್ನ ಆಯ್ಕೆ.

ಹೊತ್ತಿನ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಇಷ್ಟವಾಗಲಾರದು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ, ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರವೇ ಇರುತ್ತೇವೆ. ಆ ಹೊತ್ತಿನಲ್ಲಿ ಮುಂದಕ್ಕೆ ಬಾಗಿದರೆ ಡಿಸ್ಕಿಗೆ ಹೆಚ್ಚು ಒತ್ತಡ. ದೀರ್ಘಕಾಲದ ಸೊಂಟನೋವಿನವರು ಬೆಳಗಿನ ಮೊದಲ ಹೊತ್ತಿನಲ್ಲಿ ಬಾಗುವುದನ್ನು ತಪ್ಪಿಸಿದಾಗ ನೋವು ಇಳಿದದ್ದನ್ನು 1998ರ ಒಂದು ಅಧ್ಯಯನ ತೋರಿಸಿದೆ. ನಮ್ಮಲ್ಲಿ ಹಾಸಿಗೆಯಿಂದೆದ್ದವಳೇ ಗೃಹಿಣಿ ಮೋಟು ಪೊರಕೆ ಹಿಡಿದು ಅಂಗಳ ಗುಡಿಸಿ, ನೀರು ಚಿಮುಕಿಸಿ, ಬಾಗಿ ರಂಗೋಲಿ ಹಾಕುತ್ತಾಳೆ. ರಂಗೋಲಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಪೊರಕೆಗೆ ಉದ್ದನೆಯ ಕೋಲು ಕಟ್ಟಿ, ರಂಗೋಲಿಗೆ ಒಂದು ಮಣೆ ಹಾಕಿಕೊಂಡು ಕೂತರೆ ಲಕ್ಷ್ಮಿ ಮುನಿಸಿಕೊಳ್ಳುವುದಿಲ್ಲ. ವ್ಯಾಯಾಮವನ್ನೂ, ಸೂರ್ಯನಮಸ್ಕಾರವನ್ನೂ ಎದ್ದು ಒಂದು ಗಂಟೆ ಓಡಾಡಿದ ಮೇಲೆ ಮಾಡಿ.

ಇದೆಲ್ಲ ಎಲ್ಲರಿಗೂ ಅಲ್ಲ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿನಲ್ಲಿ ಜೋಮು ಹಿಡಿದರೆ, ಕಾಲಿನ ಶಕ್ತಿ ದಿನೇದಿನೇ ಕುಗ್ಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ವೈದ್ಯರು ನೋಡದೆ ಚಾಪೆ ಬಿಚ್ಚಬೇಡಿ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಮೂಳೆ ಟೊಳ್ಳಾಗಿರುವ ವಯಸ್ಸಾದ ಹೆಣ್ಣುಮಕ್ಕಳು ಮುಂದಕ್ಕೆ ಬಾಗುವ ವ್ಯಾಯಾಮಗಳನ್ನು ಮಾಡಲೇಬಾರದು. 1984ರ ಒಂದು ಅಧ್ಯಯನದಲ್ಲಿ ಹಾಗೆ ಬಾಗುವ ವ್ಯಾಯಾಮ ಮಾಡಿದ ಇಂಥವರ ಪೈಕಿ ಶೇ. 89ರಷ್ಟು ಮಂದಿಯಲ್ಲಿ ಬೆನ್ನುಮೂಳೆ ಹೊಸದಾಗಿ ಕುಸಿದದ್ದು ಕಂಡಿತು, ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಶೇ. 16.

ಈ ಮೂರು ವ್ಯಾಯಾಮಗಳಿಗೆ ಮಂತ್ರಶಕ್ತಿಯಿದೆಯೆ ಎಂದರೆ, ಇಲ್ಲ. ನಡುವಿನ ಸ್ನಾಯುಗಳಿಗೇ ಗುರಿಯಿಟ್ಟ ವ್ಯಾಯಾಮವನ್ನು ಇತರ ವ್ಯಾಯಾಮಗಳೊಡನೆ ಹೋಲಿಸಿ 2016ರಲ್ಲಿ ಬಂದ ಕಾಕ್ರೇನ್ ವಿಮರ್ಶೆ, ದೀರ್ಘಕಾಲದ ನೋವಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದಿತು. ಅದೇ ವರ್ಷದ ಇನ್ನೊಂದು ವಿಮರ್ಶೆಯ ಪ್ರಕಾರ ವ್ಯಾಯಾಮದೊಂದಿಗೆ ತಿಳಿವಳಿಕೆಯೂ ಸೇರಿದರೆ ಸೊಂಟನೋವು ಬರುವ ಅಪಾಯ ಶೇ. 45ರಷ್ಟು ತಗ್ಗುತ್ತದೆ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಡಿಗೆ ಮತ್ತು ತಿಳಿವಳಿಕೆಯೇ ಔಷಧ. ನೋವಿನಿಂದ ಚೇತರಿಸಿಕೊಂಡವರಿಗೆ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ನಡಿಗೆ ಹೆಚ್ಚಿಸಿದರು. ಅವರಿಗೆ ನೋವು ಮರಳುವ ಹೊತ್ತಿಗೆ, ಮಧ್ಯಾಂಕದ ಲೆಕ್ಕದಲ್ಲಿ, 208 ದಿನ, ಸುಮ್ಮನಿದ್ದವರಿಗೆ 112 ದಿನ. ಹಾಗಾಗಿ ಯೋಗ ಮಾಡುವವರು ಯೋಗ ಬಿಡಬೇಡಿ, ನಡೆಯುವವರು ನಡಿಗೆ ಬಿಡಬೇಡಿ. ಯಾವುದೂ ಇಲ್ಲದವರಿಗೆ, ಮಳೆಗಾಲದಲ್ಲೂ ರಾತ್ರಿಪಾಳಿಯಲ್ಲೂ ಖರ್ಚಿಲ್ಲದೆ ಆಗುವಂಥದ್ದೆಂದು ಈ ಮೂರನ್ನು ಹೇಳಿದ್ದೇನೆ.

ಸಭೆಯಲ್ಲಿರುವ ವೈದ್ಯರಲ್ಲಿ ಮತ್ತು ನನ್ನ ವೃತ್ತಿಯ ಕಿರಿಯರಲ್ಲಿ ಒಂದು ವಿನಂತಿ. ನೋವು ಕಡಿಮೆಯಾಯಿತೆಂದು ರೋಗಿ ಕೈಮುಗಿದು ಹೊರಡುವ ದಿನ, ಮಾತ್ರೆ ನಿಲ್ಲಿಸಿ ಎಂದು ಬರೆಯುವ ಚೀಟಿಯಲ್ಲೇ ವ್ಯಾಯಾಮದ ಹೆಸರು, ಎಷ್ಟು ಸೆಕೆಂಡು, ಎಷ್ಟು ಸಲ ಎಂದು ಕನ್ನಡದಲ್ಲಿ ಬರೆದುಕೊಡಿ. ನಿಮ್ಮೆದುರು ಒಂದು ಸಲ ಮಾಡಿಸಿ ನೋಡಿ, ಆಮೇಲೆ ಕಳಿಸಿ. ಮೂರು ತಿಂಗಳು ಕಳೆದು, ನೋವಿಲ್ಲದಿದ್ದರೂ ಒಮ್ಮೆ ಬಂದು ತೋರಿಸಿ ಹೋಗುವಂತೆ ಹೇಳಿ.